ಎರಡು ಬಾಲದ ಮೂಳೆ, ಒಂದು ಮನೆತನದ ಹೆಸರು: ಲೈಡೆಕ್ಕರ್ ಕಥೆ

ಕೊಳ್ಳೇಗಾಲದಿಂದ ಯಳಂದೂರು ದಾಟಿ ಬಿಳಿಗಿರಿರಂಗನ ಬೆಟ್ಟ ಹತ್ತಿದರೆ ಅಲ್ಲಿನ ಬಂಡೆಗಳು ಡೈನೋಸಾರ್‌ಗಳಿಗಿಂತ ಎಷ್ಟೋ ಹಳೆಯವು. ಎಷ್ಟು ಅಗೆದರೂ ಅವುಗಳ ಮೂಳೆ ಸಿಗಲ್ಲ. ಆದರೆ ಆ ಕಾಡಿನ ಆನೆ ಎಲಿಫ್ಯಾಂಟಿಡೇ, ಹುಲಿ ಫೆಲಿಡೇ, ಕಾಟಿ ಬೋವಿಡೇ ಕುಟುಂಬದ್ದು. ಡೈನೋಸಾರ್ ಕುಟುಂಬಗಳಿಗೂ ಹೆಸರಿಡೋದು ಇದೇ ನಿಯಮದಲ್ಲಿ. ಒಂದು ಜೀನಸ್ಸನ್ನು ಮಾದರಿಯಾಗಿ ಹಿಡಿದು, ಅದರ ಹೆಸರಿನ ಮೂಲರೂಪಕ್ಕೆ ‘ಇಡೇ’ ಸೇರಿಸಬೇಕು. ಸೋಲಿಗರಲ್ಲಿ ತೇನೇರು, ಬೆಳ್ಳೇರು ಅಂದರೆ ಕುಲದ ಮಾತು ಅಂತ ಗೊತ್ತಾಗಲ್ವಾ, ಹಾಗೇ ಈ ‘ಇಡೇ’ ಕೂಡ. ತೊಂದರೆ ಏನಂದ್ರೆ, ಮಾದರಿ ಕುಸಿದರೆ ಮನೆತನದ ಹೆಸರೂ ಅಲ್ಲಾಡುತ್ತೆ.

ರಿಚರ್ಡ್ ಲೈಡೆಕ್ಕರ್‌ಗೆ ಆಗಿದ್ದು ಇದೇ. 1849ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಓದಿ, 1874ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಸೇರಿದರು. ಜಬಲ್ಪುರದಲ್ಲಿ 1828ರಲ್ಲೇ ಸ್ಲೀಮನ್ ಎಂಬ ಸೇನಾಧಿಕಾರಿಗೆ ಸಿಕ್ಕಿದ್ದ ಬಾಲದ ಮೂಳೆಗಳು ಅರ್ಧ ಶತಮಾನ ಹೆಸರಿಲ್ಲದೇ ಬಿದ್ದಿದ್ದವು. ಅಂಥ ಎರಡು ಮೂಳೆ, ಜೊತೆಗೆ ಒಂದು ತುಂಡು ತೊಡೆಮೂಳೆ, ಇಷ್ಟನ್ನೇ ನೋಡಿ 1877ರಲ್ಲಿ ಅವರು ಟೈಟನೋಸಾರಸ್ ಇಂಡಿಕಸ್ ಅಂತ ಹೆಸರಿಟ್ಟರು. ಬಾಲದ ಮೂಳೆಯ ಮುಂಭಾಗದಲ್ಲಿ ಗುಳಿ, ಹಿಂಭಾಗದಲ್ಲಿ ಗುಂಡು. ಆಗ ಅದು ಬೇರೆಲ್ಲೂ ಕಾಣದ ಲಕ್ಷಣ. ಆ ಜೀನಸ್ಸಿನಿಂದ ಟೈಟನೋಸಾರಿಡೇ ಕುಟುಂಬ ಹುಟ್ಟಿತು.

1882ರಲ್ಲಿ ಊರಿಗೆ ಮರಳಿ ಬ್ರಿಟಿಷ್ ಮ್ಯೂಸಿಯಂನ ಪಳೆಯುಳಿಕೆಗಳ ಪಟ್ಟಿ ಬರೆದರು, ಅರ್ಜೆಂಟೀನಾದ ಲಾ ಪ್ಲಾಟಾಗೂ ಹೋಗಿ ಅಲ್ಲಿನ ಮೂಳೆಗಳಿಗೂ ಟೈಟನೋಸಾರಸ್ ಹೆಸರನ್ನೇ ಕೊಟ್ಟರು. 1915ರಲ್ಲಿ ತೀರಿಕೊಂಡರು. ಆಮೇಲೂ ಗುಳಿ-ಗುಂಡಿನ ಬಾಲ ಸಿಕ್ಕಿದ್ದೆಲ್ಲ ಅದೇ ಹೆಸರಿನ ಬುಟ್ಟಿಗೆ ಬೀಳುತ್ತಾ ಹೋಯಿತು. ಒಟ್ಟು 14 ಪ್ರಭೇದ!

2003ರಲ್ಲಿ ವಿಲ್ಸನ್ ಮತ್ತು ಅಪ್‌ಚರ್ಚ್ ಆ ಬುಟ್ಟಿ ಸುರುವಿ ನೋಡಿದರು. ಆ ಲಕ್ಷಣ ಈಗ ಹತ್ತಾರು ಸಾರೋಪಾಡ್‌ಗಳಲ್ಲಿ ಇದೆ, ಅದನ್ನು ನಂಬಿ ಇಂಡಿಕಸ್ಸನ್ನು ಬೇರೆಯದರಿಂದ ಗುರುತಿಸೋಕೆ ಆಗಲ್ಲ. ಆದ್ದರಿಂದ ಟೈಟನೋಸಾರಸ್ ಬಿಡಿ, ಟೈಟನೋಸಾರಿಡೇ ಕೂಡ ಬಿಡಿ ಅಂತ ವಾದಿಸಿದರು. ಯಾವ ಶ್ರೇಣಿಗೂ ಸೇರದ ಟೈಟನೋಸಾರಿಯಾ ಎಂಬ ದೊಡ್ಡ ಗುಂಪಿನ ಹೆಸರು ಮಾತ್ರ ಉಳಿಯಿತು. ನನಗೆ ಅವರ ವಾದ ಸರಿ ಅನ್ನಿಸುತ್ತೆ, ಆದರೆ ಲೈಡೆಕ್ಕರ್ ಮೇಲೆ ತಪ್ಪು ಹೊರಿಸೋಕೆ ಮನಸ್ಸಿಲ್ಲ, ಕೈಲಿದ್ದದ್ದೇ ಅಷ್ಟು. ಮಹಾರಾಷ್ಟ್ರದ ಡೊಂಗರಗಾಂವ್‌ನಲ್ಲಿ ಸಿಕ್ಕ ಇನ್ನೊಂದು ‘ಟೈಟನೋಸಾರಸ್’ಗೆ ಅದೇ ವರ್ಷ ಇಸಿಸಾರಸ್ ಅಂತ ಹೊಸ ಹೆಸರು ಬಂತು, ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ನೆನಪಲ್ಲಿ.

ಜಬಲ್ಪುರದ ಮೂಳೆ ಕಳೆದೇ ಹೋಯಿತು ಅಂದುಕೊಂಡಿದ್ದರು. 2012ರಲ್ಲಿ ಒಂದು ಸಿಕ್ಕಿತು, ಕೋಲ್ಕತ್ತಾದಲ್ಲಿ, ಲೈಡೆಕ್ಕರ್ ಕೆಲಸ ಮಾಡಿದ ಅದೇ ಇಲಾಖೆಯ ಸಂಗ್ರಹದೊಳಗೇ.