ತ್ರಾಸಿನ ಮಾತನ್ನು ನಂಬಿದ ರಸಾಯನಾಚಾರ್ಯ ಲವಾಸಿಯೆ

ತೂಗಿ ನೋಡದೆ ಬೆಲೆ ಹೇಳುವ ವ್ಯಾಪಾರಿಯನ್ನು ಲೋಕವು ನಂಬುವುದಿಲ್ಲ. ಆದರೆ ಪದಾರ್ಥಗಳ ಸ್ವರೂಪದ ವಿಷಯದಲ್ಲಿ ತೂಗದೆಯೇ ತೀರ್ಪು ಹೇಳುವ ವಾಡಿಕೆಯು ವಿದ್ವಾಂಸರಲ್ಲಿಯೂ ಬಹುಕಾಲ ನಡೆದುಬಂದಿತು. ಕಟ್ಟಿಗೆ ಉರಿದು ಹಿಡಿ ಬೂದಿಯಾದರೆ ಮಿಕ್ಕುದು ನಾಶವಾಯಿತೆಂದೂ, ನೀರನ್ನು ದೀರ್ಘಕಾಲ ಕುದಿಸಿದರೆ ಅದು ಮಣ್ಣಾಗಿ ಮಾರ್ಪಡುವುದೆಂದೂ ಕಣ್ಣಿಗೆ ಕಂಡುದನ್ನೇ ಪ್ರಮಾಣವಾಗಿ ಹಿಡಿದು ಹೇಳುತ್ತಿದ್ದರು. ತ್ರಾಸು ಪ್ರಯೋಗಶಾಲೆಗಳಲ್ಲಿ ಮೊದಲೂ ಇದ್ದಿತು. ಆದರೆ ಅದರ ಮಾತೇ ಅಂತಿಮವೆಂದು ಒಪ್ಪಿ, ರಸಾಯನಶಾಸ್ತ್ರವನ್ನೆಲ್ಲ ಆ ನಂಬಿಕೆಯ ಮೇಲೆ ಕಟ್ಟಿದ ಮಹನೀಯನು ಫ್ರಾನ್ಸ್ ದೇಶದ ಆಂಟ್ವಾನ್ ಲಾರೆಂಟ್ ಲವಾಸಿಯೆ.

ಲವಾಸಿಯೆಯು 1743ನೆಯ ಇಸವಿ ಆಗಸ್ಟ್ 26ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ತಂದೆ ಅನುಕೂಲಸ್ಥನಾದ ನ್ಯಾಯವಾದಿ. ಐದು ವರ್ಷದ ಎಳವೆಯಲ್ಲಿಯೇ ಮಾತೃವಿಯೋಗವಾಗಲು, ತಾಯಿಯ ಸೋದರಿಯು ಬಾಲಕನನ್ನು ಅಕ್ಕರೆಯಿಂದ ಸಾಕಿದಳು. ಮನೆತನದ ವೃತ್ತಿಗೆ ಅನುಗುಣವಾಗಿ ಆತನು ನ್ಯಾಯಶಾಸ್ತ್ರವನ್ನು ಓದಿ ಪದವಿ ಪಡೆದನಾದರೂ, ಮನಸ್ಸು ನೆಟ್ಟುದು ಭೂವಿಜ್ಞಾನ ರಸಾಯನವಿಜ್ಞಾನಗಳಲ್ಲಿ. 1766ರಲ್ಲಿ, ನಗರದ ಬೀದಿಗಳಿಗೆ ಉತ್ತಮ ದೀಪವ್ಯವಸ್ಥೆ ಹೇಗಿರಬೇಕೆಂಬ ಪ್ರಬಂಧಕ್ಕಾಗಿ ದೊರೆಯಿಂದ ಸುವರ್ಣಪದಕವನ್ನು ಪಡೆದನು. 1768ರಲ್ಲಿ, ಇನ್ನೂ ಇಪ್ಪತ್ತನಾಲ್ಕರ ಹರೆಯದಲ್ಲಿ, ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಸದಸ್ಯನಾದನು.

ಅದೇ ವರ್ಷ ಆತನು ಇಟ್ಟ ಮತ್ತೊಂದು ಹೆಜ್ಜೆ ಮುಂದೆ ಪ್ರಾಣಕ್ಕೇ ಎರವಾಯಿತು. ಆಗ ಫ್ರಾನ್ಸಿನಲ್ಲಿ ಉಪ್ಪು, ಹೊಗೆಸೊಪ್ಪು ಮುಂತಾದವುಗಳ ಮೇಲಿನ ಸುಂಕವನ್ನು ವಸೂಲು ಮಾಡುವ ಹಕ್ಕು ಧನಿಕ ಗುತ್ತಿಗೆದಾರರ ಮಂಡಲಿಯೊಂದರ ಕೈಯಲ್ಲಿತ್ತು. ಅವರು ದೊರೆಗೆ ಗೊತ್ತಾದ ಹಣವನ್ನು ಕೊಟ್ಟು, ಮಿಕ್ಕುದನ್ನು ತಾವು ಇರಿಸಿಕೊಳ್ಳುತ್ತಿದ್ದರು. ಬಡವನ ಉಪ್ಪಿನ ಮೇಲೂ ಬೀಳುತ್ತಿದ್ದ ಈ ಸುಂಕದಿಂದ ಜನರು ಬೇಸತ್ತಿದ್ದರು. ಲವಾಸಿಯೆಯು ಈ ಮಂಡಲಿಯಲ್ಲಿ ಪಾಲು ಕೊಂಡನು. ಅಲ್ಲಿಂದ ಬಂದ ಸಂಪತ್ತೇ ಆತನ ಪ್ರಯೋಗಶಾಲೆಯನ್ನು ಪೋಷಿಸಿತು. 1771ರಲ್ಲಿ ಅದೇ ಮಂಡಲಿಯ ಸದಸ್ಯನಾದ ಪೋಲ್ಜ್ ಎಂಬವನ ಮಗಳು ಮರಿ ಆನ್‌ಳನ್ನು ವರಿಸಿದನು. ಹದಿಮೂರರ ಆ ಬಾಲೆ ಮುಂದೆ ಇಂಗ್ಲಿಷ್ ಕಲಿತು ಶಾಸ್ತ್ರಗ್ರಂಥಗಳನ್ನು ಪತಿಗಾಗಿ ಅನುವಾದಿಸಿದಳು. ಚಿತ್ರಕಲೆಯನ್ನು ಅಭ್ಯಾಸ ಮಾಡಿ ಆತನ ಉಪಕರಣಗಳ ಚಿತ್ರಗಳನ್ನು ರಚಿಸಿದಳು. ಪ್ರಯೋಗಗಳ ಟಿಪ್ಪಣಿಗಳನ್ನು ಬರೆದಿಟ್ಟಳು. ಆತನ ಕಾಯಕದಲ್ಲಿ ಆಕೆಯದು ಅರ್ಧಭಾಗವೆಂದರೆ ಅತಿಶಯೋಕ್ತಿಯಾಗದು.

ನೀರು ಮಣ್ಣಾಗುವುದೆಂಬ ಮಾತನ್ನು ಲವಾಸಿಯೆ ಮೊದಲು ಪರೀಕ್ಷಿಸಿದನು. ಗಾಜಿನ ಪಾತ್ರೆಯೊಂದರಲ್ಲಿ ಶುದ್ಧವಾದ ನೀರನ್ನು ಹಾಕಿ, ಬಾಯಿ ಮುಚ್ಚಿ, 101 ದಿನಗಳ ಕಾಲ ಎಡೆಬಿಡದೆ ಕಾಯಿಸಿದನು. ತಳದಲ್ಲಿ ಮಣ್ಣಿನಂತಹ ಪುಡಿ ಕಾಣಿಸಿಕೊಂಡುದೇನೋ ನಿಜ. ಆದರೆ ಪಾತ್ರೆ ನೀರುಗಳ ಒಟ್ಟು ತೂಕ ಬದಲಾಗಿರಲಿಲ್ಲ. ನೀರನ್ನು ತೆಗೆದು ಬರಿಯ ಪಾತ್ರೆಯನ್ನು ತೂಗಿದಾಗ, ಅದು ಪುಡಿಯ ತೂಕಕ್ಕೆ ಬಹುಮಟ್ಟಿಗೆ ಸಮನಾಗಿ ಸವೆದಿತ್ತು. ಪುಡಿ ಹುಟ್ಟಿದುದು ನೀರಿನಿಂದಲ್ಲ, ಗಾಜಿನಿಂದ. ತಲೆತಲಾಂತರದ ನಂಬಿಕೆಯೊಂದು ತ್ರಾಸಿನ ಮುಂದೆ ನಿಲ್ಲಲಾರದೆ ಹೋಯಿತು.

ಬಳಿಕ ಆತನ ದೃಷ್ಟಿ ದಹನಕ್ರಿಯೆಯ ಕಡೆಗೆ ಹರಿಯಿತು. ಉರಿಯುವ ವಸ್ತುಗಳಲ್ಲೆಲ್ಲ ಫ್ಲೋಜಿಸ್ಟನ್ ಎಂಬ ತತ್ತ್ವವಿದ್ದು, ಉರಿಯುವಾಗ ಅದು ಹೊರಟುಹೋಗುತ್ತದೆಂದು ಅಂದಿನ ಪಂಡಿತರ ಮತ. ಹಾಗಾದರೆ ಉರಿದ ವಸ್ತು ಹಗುರವಾಗಬೇಕಷ್ಟೆ? 1772ರಲ್ಲಿ ರಂಜಕವನ್ನೂ ಗಂಧಕವನ್ನೂ ಉರಿಸಿ ತೂಗಿದ ಲವಾಸಿಯೆ, ಉರಿದುದರಿಂದ ತೂಕ ಹೆಚ್ಚಿದುದನ್ನು ಕಂಡನು. 1774ರಲ್ಲಿ ತವರವನ್ನು ಮುಚ್ಚಿದ ಪಾತ್ರೆಯೊಳಗೆ ಕಾಯಿಸಿ ಭಸ್ಮವಾಗಿಸಿದನು. ಮುದ್ರೆ ಒಡೆಯುವವರೆಗೆ ಒಟ್ಟು ತೂಕದಲ್ಲಿ ವ್ಯತ್ಯಾಸವಿರಲಿಲ್ಲ. ಒಡೆದೊಡನೆ ಹೊರಗಿನ ಗಾಳಿ ಒಳನುಗ್ಗಿ ತೂಕ ಏರಿತು. ಲೋಹವು ಗಾಳಿಯಿಂದಲೇ ಏನನ್ನೋ ಸ್ವೀಕರಿಸಿತ್ತು.

ಆ ಏನೋ ಒಂದು ಯಾವುದೆಂಬುದಕ್ಕೆ ಸುಳಿವು ಅನ್ಯರಿಂದ ದೊರಕಿತು. 1774ರ ಅಕ್ಟೋಬರಿನಲ್ಲಿ ಪ್ಯಾರಿಸಿಗೆ ಬಂದಿದ್ದ ಇಂಗ್ಲೆಂಡಿನ ಪ್ರೀಸ್ಟ್ಲಿ, ಪಾದರಸದ ಕೆಂಪು ಭಸ್ಮವನ್ನು ಕಾಯಿಸಿದಾಗ ದೀಪವನ್ನು ಪ್ರಜ್ವಲಿಸುವ ಒಂದು ವಾಯು ಹೊರಡುವುದೆಂದು ಭೋಜನಸಮಯದಲ್ಲಿ ತಿಳಿಸಿದನು. ಸ್ವೀಡನ್ನಿನ ಶೀಲೆಯೂ ಅದೇ ವಾಯುವನ್ನು ಪಡೆದಿದ್ದನು. ಲವಾಸಿಯೆ ಪಾದರಸವನ್ನು 50 ಘನ ಅಂಗುಲ ಗಾಳಿಯೊಡನೆ ಹನ್ನೆರಡು ದಿನ ಕಾಯಿಸಿದನು. ಗಾಳಿ 42–43 ಘನ ಅಂಗುಲಗಳಿಗೆ ಇಳಿಯಿತು. ಉಳಿದ ಗಾಳಿಯಲ್ಲಿ ದೀಪ ಆರಿತು. ಉಂಟಾದ ಕೆಂಪು ಭಸ್ಮ 45 ಗ್ರೇನು. ಅದನ್ನೇ ಇನ್ನೂ ಹೆಚ್ಚಾಗಿ ಕಾಯಿಸಲು 41½ ಗ್ರೇನು ಪಾದರಸವೂ, ಕಳೆದುಹೋಗಿದ್ದ 7–8 ಘನ ಅಂಗುಲ ವಾಯುವೂ ಮರಳಿ ದೊರೆತವು. ಕೂಡಿಸಿದುದನ್ನು ಬಿಡಿಸಿದನು, ಲೆಕ್ಕ ಸರಿಹೋಯಿತು. ದಹನವೆಂದರೆ ಏನೋ ಹೊರಟುಹೋಗುವುದಲ್ಲ, ಈ ವಾಯುವಿನೊಡನೆ ವಸ್ತುವು ಸಂಯೋಗವಾಗುವುದು ಎಂದು ಸಿದ್ಧವಾಯಿತು.

ಈ ಕೀರ್ತಿಯಲ್ಲಿ ಒಂದು ಕಲೆಯೂ ಉಂಟು. 1775ರಲ್ಲಿ ಅಕಾಡೆಮಿಯ ಮುಂದೆ ಈ ವಾಯುವಿನ ವಿಚಾರವನ್ನು ಮಂಡಿಸಿದಾಗ ಲವಾಸಿಯೆ ಪ್ರೀಸ್ಟ್ಲಿಯ ಹೆಸರೆತ್ತಲಿಲ್ಲ. ಗ್ರೇನು ಗ್ರೇನಿಗೂ ಲೆಕ್ಕವಿಟ್ಟವನು ಈ ಋಣವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆ ವಾಯುವಿಗೆ ಆತನಿಟ್ಟ ಹೆಸರಿನಲ್ಲಿಯೂ ಒಂದು ತಪ್ಪು ಸೇರಿತು. ಆಮ್ಲಗಳೆಲ್ಲಕ್ಕೂ ಅದೇ ಮೂಲವೆಂದು ಭಾವಿಸಿ ಆಮ್ಲವನ್ನು ಜನಿಸುವುದು ಎಂಬರ್ಥದ ಆಕ್ಸಿಜನ್ ಎಂಬ ನಾಮವನ್ನಿತ್ತನು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆ ವಾಯುವೇ ಇಲ್ಲವೆಂಬುದು ಮುಂದೆ ಡೇವಿಯ ಸಂಶೋಧನೆಯಿಂದ ತಿಳಿಯಿತು. ಕನ್ನಡದ ಮಕ್ಕಳು ಆಮ್ಲಜನಕವೆನ್ನುವಾಗ ಆ ಮಹಾತ್ಮನ ಸಾಧನೆಯನ್ನೂ ಪ್ರಮಾದವನ್ನೂ ಒಟ್ಟಿಗೇ ಉಚ್ಚರಿಸುತ್ತಾರೆ.

ಪಂಚಭೂತಗಳಲ್ಲೊಂದಾದ ನೀರೂ ಮೂಲವಸ್ತುವಲ್ಲವೆಂದು ತೋರಿಸಿದುದು ಮತ್ತೊಂದು ಮಹತ್ಕಾರ್ಯ. ಜಲಜನಕವು ಉರಿದಾಗ ನೀರಾಗುವುದನ್ನು ಇಂಗ್ಲೆಂಡಿನ ಕ್ಯಾವೆಂಡಿಷ್ ಕಂಡಿದ್ದನು. 1783ರಲ್ಲಿ ಲವಾಸಿಯೆ ಲಾಪ್ಲಾಸನೊಡಗೂಡಿ ಅದನ್ನು ಮಾಡಿ ನೋಡಿದನು. 1785ರಲ್ಲಿ ನೀರಿನ ಆವಿಯನ್ನು ಕೆಂಪಗೆ ಕಾದ ಕಬ್ಬಿಣದ ಕೊಳವೆಯಲ್ಲಿ ಹಾಯಿಸಿ, ನೀರನ್ನು ವಿಭಜಿಸಿಯೂ ತೋರಿಸಿದನು. ನೀರಿನ 100 ಭಾಗದಲ್ಲಿ ಆಮ್ಲಜನಕ 85, ಜಲಜನಕ 15 ಎಂದು ಆತನ ಗಣನೆ. ಇಂದಿನ ಗಣನೆಯಂತೆ 1 ಗ್ರಾಂ ಜಲಜನಕಕ್ಕೆ 8 ಗ್ರಾಂ ಆಮ್ಲಜನಕ ಸೇರಿ 9 ಗ್ರಾಂ ನೀರಾಗುತ್ತದೆ. ಮಿಶ್ರಣದಲ್ಲಿ ವಸ್ತುಗಳನ್ನು ಮನಬಂದಂತೆ ಬೆರೆಸಬಹುದು, ಪ್ರತಿಯೊಂದೂ ತನ್ನ ಗುಣವನ್ನು ಉಳಿಸಿಕೊಂಡಿರುತ್ತದೆ. ಸಂಯುಕ್ತದಲ್ಲಾದರೋ ಪ್ರಮಾಣ ನಿಯತ, ಗುಣ ನೂತನ: ಉರಿಯುವ ವಾಯುವೂ ಉರಿಸುವ ವಾಯುವೂ ಕೂಡಿ, ಬೆಂಕಿಯನ್ನು ಆರಿಸುವ ನೀರಾಗಿದೆ.

ಅಂದಿನ ರಸಾಯನಶಾಸ್ತ್ರದ ಭಾಷೆಯೂ ಗೊಂದಲದ್ದಾಗಿತ್ತು. ವಿಟ್ರಿಯಲ್ ಎಣ್ಣೆ, ಆಂಟಿಮನಿ ಬೆಣ್ಣೆ, ಸತುವಿನ ಹೂ ಮೊದಲಾದ ಹೆಸರುಗಳಿಂದ ಆ ವಸ್ತುಗಳೊಳಗೆ ಏನಿದೆಯೆಂದು ತಿಳಿಯುವಂತಿರಲಿಲ್ಲ. 1787ರಲ್ಲಿ ಗೀಟನ್ ದ ಮೋರ್ವೊ, ಬರ್ತೊಲೆ, ಫೋರ್ಕ್ರ್ವಾ ಎಂಬವರೊಡನೆ ಸೇರಿ ಲವಾಸಿಯೆ ನೂತನ ನಾಮಕರಣ ಪದ್ಧತಿಯನ್ನು ಪ್ರಕಟಿಸಿದನು. ವ್ಯಾಕರಣದಲ್ಲಿ ಧಾತುವಿಗೆ ಪ್ರತ್ಯಯ ಸೇರಿ ಪದವಾಗುವಂತೆ, ಇಲ್ಲಿ ಮೂಲವಸ್ತುವಿನ ಹೆಸರಿಗೆ ಪ್ರತ್ಯಯ ಸೇರಿ ಸಂಯುಕ್ತದ ಹೆಸರಾಯಿತು. ಸಲ್ಫೇಟ್ ಎಂದರೆ ಆಮ್ಲಜನಕ ಹೆಚ್ಚಿರುವ ಗಂಧಕಾಮ್ಲದ ಲವಣ, ಸಲ್ಫೈಟ್ ಎಂದರೆ ಅದು ಕಡಮೆಯಿರುವ ಆಮ್ಲದ ಲವಣ. 1789ರಲ್ಲಿ ಪ್ರಕಟವಾದ ಆತನ ರಸಾಯನಶಾಸ್ತ್ರದ ಪ್ರಾಥಮಿಕ ಗ್ರಂಥದಲ್ಲಿ 33 ಸರಳ ವಸ್ತುಗಳ ಪಟ್ಟಿಯಿದೆ. ಬೆಳಕು, ಉಷ್ಣ ಇವೂ ಅದರಲ್ಲಿ ಸೇರಿದುದು ಇಂದು ಒಪ್ಪತಕ್ಕುದಲ್ಲ. ಆದರೆ ದ್ರಾಕ್ಷಾರಸ ಹುಳಿತು ಮದ್ಯವಾಗುವ ಕ್ರಿಯೆಯನ್ನು ವಿವರಿಸುವ ಅಧ್ಯಾಯದಲ್ಲಿ, ಯಾವ ಕ್ರಿಯೆಯಲ್ಲಿಯೂ ದ್ರವ್ಯ ಹೊಸದಾಗಿ ಹುಟ್ಟದು, ಇದ್ದುದು ಅಳಿಯದು, ಮೊದಲಿನ ತೂಕವೂ ಕಡೆಯ ತೂಕವೂ ಸಮ ಎಂದು ಆತನು ಸ್ಥಾಪಿಸಿದ ತತ್ತ್ವವು ಇಂದಿಗೂ ರಾಸಾಯನಿಕ ಕ್ರಿಯೆಗಳ ಅಧ್ಯಯನಕ್ಕೆ ತಳಹದಿಯಾಗಿದೆ.

ಆ ಗ್ರಂಥ ಬೆಳಕು ಕಂಡ ವರ್ಷದಲ್ಲಿಯೇ ಫ್ರಾನ್ಸಿನಲ್ಲಿ ಮಹಾಕ್ರಾಂತಿ ಸಿಡಿಯಿತು. ಲವಾಸಿಯೆ ಜನಹಿತವನ್ನು ಮರೆತವನಲ್ಲ. ಬೇಸಾಯದ ಸುಧಾರಣೆಗಾಗಿ ಪ್ರಾಯೋಗಿಕ ಜಮೀನನ್ನು ನಡೆಸಿದ್ದನು. ದೇಶಕ್ಕೆಲ್ಲ ಒಂದೇ ಅಳತೆ ತೂಕಗಳನ್ನು ಗೊತ್ತುಪಡಿಸುವ ಕಾರ್ಯದಲ್ಲಿ ದುಡಿದಿದ್ದನು. ಆದರೂ ಸುಂಕದ ಹಣದಲ್ಲಿ ಪಾಲುಗೊಂಡವನೆಂಬುದು ಸುಳ್ಳಾಗಿರಲಿಲ್ಲ. ಸುಂಕ ತಪ್ಪದಂತೆ ಪ್ಯಾರಿಸಿನ ಸುತ್ತ ಎತ್ತಿಸಿದ ಗೋಡೆಯ ವಿಷಯದಲ್ಲಿಯೂ ಜನರ ಕೋಪ ಆತನ ಮೇಲೆ ತಿರುಗಿತ್ತು. 1793ರ ನವೆಂಬರಿನಲ್ಲಿ ಗುತ್ತಿಗೆದಾರರ ಬಂಧನಕ್ಕೆ ಆಜ್ಞೆಯಾಗಲು, ಆತನು ತಾನಾಗಿಯೇ ಹೋಗಿ ಒಪ್ಪಿಸಿಕೊಂಡನು. ಸೆರೆಮನೆಯಲ್ಲಿಯೂ ತನ್ನ ಲೇಖನಗಳನ್ನು ಸಂಗ್ರಹಿಸುವ ಕಾಯಕವನ್ನು ಬಿಡಲಿಲ್ಲ. 1794ರ ಮೇ 8ರಂದು ಬೆಳಗ್ಗೆ ವಿಚಾರಣೆ. ಹೊಗೆಸೊಪ್ಪಿಗೆ ನೀರು ಬೆರೆಸಿದರೆಂಬುದೂ ಆರೋಪಗಳಲ್ಲೊಂದು. ಅದೇ ದಿನ ಇಪ್ಪತ್ತೆಂಟು ಮಂದಿಯ ಶಿರಚ್ಛೇದವಾಯಿತು. ಅವರಲ್ಲಿ ಪೋಲ್ಜನೂ ಇದ್ದನು, ಲವಾಸಿಯೆಯೂ ಇದ್ದನು. ಆಗ ಆತನಿಗೆ ಐವತ್ತು ವರ್ಷ. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಅದೇ ರಾಷ್ಟ್ರದ ಸರ್ಕಾರವು ಆ ಶಿಕ್ಷೆ ಅನ್ಯಾಯವೆಂದು ಒಪ್ಪಿ, ವಶಪಡಿಸಿಕೊಂಡಿದ್ದ ವಸ್ತುಗಳನ್ನು ವಿಧವೆಗೆ ಹಿಂದಿರುಗಿಸಿತು. ಆಕೆ ಪತಿಯ ಉಳಿದ ಲೇಖನಗಳನ್ನು ಪ್ರಕಟಿಸಿ ಋಣ ತೀರಿಸಿದಳು.

ಹಣವನ್ನೂ ದ್ರವ್ಯವನ್ನೂ ಲೆಕ್ಕವಿಟ್ಟು ನೋಡಿದ ಲವಾಸಿಯೆ, ಉಪ್ಪಿಗೆ ಸುಂಕ ತೆತ್ತವನ ಸಂಕಟವನ್ನು ತೂಗಿ ನೋಡಲಿಲ್ಲ. ಆತನನ್ನು ದಂಡಿಸಿದವರು ಆತನ ದೋಷವನ್ನೂ ಗುಣವನ್ನೂ ಎರಡು ತಟ್ಟೆಗಳಲ್ಲಿಟ್ಟು ತೂಗಲಿಲ್ಲ. ಆತನು ಕಲಿಸಿದ ಪಾಠ ಮಾತ್ರ ಉಳಿದಿದೆ. ರಾಸಾಯನಿಕ ಸಮೀಕರಣವನ್ನು ಸರಿದೂಗಿಸಿರೆಂದು ಉಪಾಧ್ಯಾಯರು ಹೇಳಿದಾಗ, ಆ ಮಾತಿನೊಳಗೇ ತೂಗುವ ಕ್ರಿಯೆ ಇರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಎಡಬಲಗಳಲ್ಲಿ ಒಂದು ಪರಮಾಣುವೂ ಹೆಚ್ಚಾಗದಂತೆ, ಒಂದೂ ಕಡಮೆಯಾಗದಂತೆ ನೋಡಿಕೊಳ್ಳುವ ಎಚ್ಚರವೇ ಲವಾಸಿಯೆಗೆ ಸಲ್ಲುವ ಗೌರವ. ಅದೇ ಎಚ್ಚರವನ್ನು ಮನುಷ್ಯರ ಗುಣದೋಷಗಳನ್ನು ನಿರ್ಣಯಿಸುವಾಗಲೂ ಪಾಲಿಸುವವನ ವಿದ್ಯೆ ಸಾರ್ಥಕವಾದೀತು.