ಹಲವು ನುಡಿಗಳ ಸುಲ್ತಾನ

ಗಾಣಗಾಪುರವನ್ನು ದಾಟಿ ಜೇವರ್ಗಿಯ ಕಡೆಗೆ ಹರಿಯುವ ಭೀಮಾನದಿಯ ದಂಡೆಯ ಮೇಲೆ, ಕಲಬುರ್ಗಿಗೆ ದಕ್ಷಿಣದಲ್ಲಿ, ಫಿರೋಜಾಬಾದ ಎಂಬ ಹಾಳುಬಿದ್ದ ಪಟ್ಟಣವಿದೆ. ಕೋಟೆಯ ಗೋಡೆ, ಮಸೀದೆ, ಹಮಾಮುಗಳ ಅವಶೇಷಗಳು ಇನ್ನೂ ನಿಂತಿವೆ. ಅದನ್ನು ಕಟ್ಟಿಸಿದವನು 1397ರಿಂದ 1422ರವರೆಗೆ ಆಳಿದ ಬಹಮನಿ ಸುಲ್ತಾನ ಫಿರೋಜಶಹ. ಆತನ ಯುದ್ಧಗಳನ್ನು ನಾವೆಲ್ಲರೂ ಪರೀಕ್ಷೆಗಾಗಿ ಓದಿದ್ದೇವೆ. ಆತನ ಭಾಷೆಗಳ ಕಥೆ ಮಾತ್ರ ಯಾವ ಪ್ರಶ್ನೆಪತ್ರಿಕೆಯಲ್ಲಿಯೂ ಬಂದದ್ದನ್ನು ನಾನು ಕಂಡಿಲ್ಲ.

ಫಿರೋಜ ಮತ್ತು ಆತನ ತಮ್ಮ ಅಹಮದ ಬೆಳೆದದ್ದು ಎರಡನೆಯ ಮಹಮ್ಮದಶಹನ ಆಶ್ರಯದಲ್ಲಿ. ಇರಾಣದಿಂದ ಬಂದ ಮೀರ್ ಫಜಲುಲ್ಲಾ ಇಂಜೂ ಅವರ ಗುರು. ಪಟ್ಟಕ್ಕೆ ಬಂದ ಮೇಲೆ ಫಿರೋಜ ಆ ಗುರುವಿಗೇ ರಾಜ್ಯದ ಪ್ರಧಾನಿಕೆಯನ್ನು ಒಪ್ಪಿಸಿದ. ಕವಿತೆ ಬರೆದ, ಗ್ರಹನಕ್ಷತ್ರಗಳ ವೀಕ್ಷಣೆಗೆಂದು ದೌಲತಾಬಾದಿನ ಬಳಿ 1407ರಲ್ಲಿ ವೇಧಶಾಲೆಯನ್ನು ಆರಂಭಿಸಿದ. ಅದು ಪೂರ್ಣವಾಗಲಿಲ್ಲ. ವಾರದಲ್ಲಿ ಮೂರು ದಿನ ತಾನೇ ಕುಳಿತು ಗಣಿತ, ತರ್ಕಗಳನ್ನು ಪಾಠ ಹೇಳುತ್ತಿದ್ದನೆಂದೂ ಹಗಲಿಗೆ ರಾಜಕಾರ್ಯ ಅಡ್ಡಬಂದರೆ ರಾತ್ರಿ ಹೇಳುತ್ತಿದ್ದನೆಂದೂ ಎರಡು ಶತಮಾನಗಳ ತರುವಾಯ ವಿಜಾಪುರದಲ್ಲಿ ಇತಿಹಾಸ ಬರೆದ ಫೆರಿಷ್ತಾ ತಿಳಿಸುತ್ತಾನೆ. ನಮ್ಮ ಅಧ್ಯಾಪಕ ಮಹಾಶಯರು ಇದನ್ನು ಓದಿ ರಾತ್ರಿಯ ತರಗತಿ ತೆರೆಯದಿರಲಿ!

ಫೆರಿಷ್ತಾನ ಮಾತನ್ನು ನಂಬುವುದಾದರೆ ಸುಲ್ತಾನನ ಅಂತಃಪುರದಲ್ಲಿ ಅರಬ್ಬಿ, ತುರ್ಕಿ, ಚೀಣ, ಬಂಗಾಳ, ಗುಜರಾತ, ತೆಲಂಗಾಣ, ಮಹಾರಾಷ್ಟ್ರಗಳ ಸ್ತ್ರೀಯರಿದ್ದರು. ಪ್ರತಿಯೊಬ್ಬಳೊಡನೆಯೂ ಆಕೆಯ ತಾಯ್ನುಡಿಯಲ್ಲಿಯೇ ಆತ ಮಾತನಾಡುತ್ತಿದ್ದ. ಒಬ್ಬೊಬ್ಬಳಿಗೂ ಮೂವರೇ ದಾಸಿಯರು, ಅವರೂ ಆಕೆಯ ನಾಡಿನವರೇ, ಆಕೆಯ ನುಡಿಯವರೇ. ಹೆಂಗಸರ ಈ ಸಂಗ್ರಹವನ್ನು ಇಂದು ಯಾರೂ ಮೆಚ್ಚಲಾರರು. ಆದರೆ ಭಾಷೆ ಕಲಿಯುವವನ ಕಣ್ಣಿನಿಂದ ನೋಡಿದರೆ ಒಂದು ಸಂಗತಿ ಗೋಚರಿಸುತ್ತದೆ. ಗುಜರಾತಿಯ ಮನೆಗೂ ಮರಾಠಿಯ ಮನೆಗೂ ನಡುವೆ ಗೋಡೆಯಿತ್ತು. ಒಂದರ ಮಾತು ಇನ್ನೊಂದರೊಳಗೆ ಬೆರೆಯಲು ಆಸ್ಪದವೇ ಇರಲಿಲ್ಲ.

ಈ ಗೋಡೆ ಸಣ್ಣ ವಿಷಯವಲ್ಲ. ದೂರದ ಭಾಷೆಗಿಂತ ನೆರೆಯ ಭಾಷೆಯೇ ಕಲಿಯುವವನನ್ನು ಹೆಚ್ಚು ಮೋಸಗೊಳಿಸುತ್ತದೆ. ಫ್ರೆಂಚ್ ಬಲ್ಲವನು ಸ್ಪ್ಯಾನಿಷ್ ಕಲಿಯಹೊರಟರೆ ಅರ್ಧ ದಾರಿ ಮೊದಲೇ ನಡೆದಂತೆ. ಎರಡೂ ಲ್ಯಾಟಿನ್ನಿನ ಮಕ್ಕಳು. ಆದರೆ ಮುಜುಗರಗೊಂಡವಳೆಂಬ ಅರ್ಥದ ಫ್ರೆಂಚ್ ಶಬ್ದ ‘ಅಂಬಾರಾಸೆ’ಯನ್ನು ನಂಬಿ ಸ್ಪ್ಯಾನಿಷಿನಲ್ಲಿ ‘ಎಂಬಾರಾಸಾದಾ’ ಎಂದರೆ ಆಕೆ ಗರ್ಭಿಣಿಯೆಂದಾಗುತ್ತದೆ. ಮರಾಠಿ ಬಲ್ಲ ನಮ್ಮ ಆಳಂದದ ಮಿತ್ರರು ಹಿಂದಿ ಕಲಿಯುವಾಗಲೂ ಹೀಗೆಯೇ. ಮರಾಠಿಯಲ್ಲಿ ‘ಶಿಕ್ಷಾ’ ಎಂದರೆ ದಂಡನೆ, ಹಿಂದಿಯಲ್ಲಿ ವಿದ್ಯೆ. ಎರಡೂ ಒಂದೇ ಎಂದು ವಾದಿಸುವವರು ನಮ್ಮ ಕೊನೆಯ ಬೆಂಚಿನಲ್ಲಿದ್ದಾರೆ.

ಫಿರೋಜನ ಆಸ್ಥಾನದಲ್ಲಿಯೇ ಅಂಥ ಒಂದು ಶಬ್ದ ಓಡಾಡುತ್ತಿತ್ತು. ಅರಬ್ಬಿಯಲ್ಲಿ ‘ಗರೀಬ್’ ಎಂದರೆ ಪರದೇಶಿ. ಇರಾಣ, ಅರಬಸ್ತಾನಗಳಿಂದ ಬಂದು ಬಹಮನಿ ರಾಜ್ಯದಲ್ಲಿ ದೊಡ್ಡ ಹುದ್ದೆ ಪಡೆದವರನ್ನು ಗರೀಬರೆಂದೇ ಕರೆಯುತ್ತಿದ್ದರು. ಉರ್ದುವಿನಲ್ಲಿಯೂ ನಮ್ಮ ಭಾಗದ ಕನ್ನಡದಲ್ಲಿಯೂ ಗರೀಬನೆಂದರೆ ಬಡವ. ಆ ಗರೀಬರಾದರೋ ಬಡವರಾಗಿರಲಿಲ್ಲ! ಅವರಿಗೂ ಇಲ್ಲಿಯ ದಖನಿಗಳಿಗೂ ಬೆಳೆದ ಹಗೆತನ ಮುಂದೆ ರಾಜ್ಯವನ್ನೇ ಒಡೆಯಿತು.

ಇಷ್ಟು ನುಡಿ ಬಲ್ಲ ಸುಲ್ತಾನ ಎಡವಿದ್ದು ತಾನು ಚೆನ್ನಾಗಿ ಬಲ್ಲ ನುಡಿಯಲ್ಲಿಯೇ. 1400ರ ಸುಮಾರಿಗೆ ದಿಲ್ಲಿಯ ಕಡೆಯಿಂದ ವೃದ್ಧರಾದ ಖ್ವಾಜಾ ಬಂದೇನವಾಜರು ಕಲಬುರ್ಗಿಗೆ ಬಂದಾಗ ಫಿರೋಜ ಆದರದಿಂದ ಬರಮಾಡಿಕೊಂಡ. ಇಬ್ಬರಿಗೂ ಫಾರಸಿ ನೀರು ಕುಡಿದಷ್ಟು ಸಲೀಸು; ದುಭಾಷಿ ಬೇಕಿರಲಿಲ್ಲ. ಆದರೆ ಸುಲ್ತಾನ ಅವರ ಮಾತಿನಲ್ಲಿ ತರ್ಕಶಾಸ್ತ್ರವನ್ನು ಹುಡುಕಿದ, ಅದು ಸಿಗದಿರಲು ಉದಾಸೀನನಾದ. ತಮ್ಮ ಅಹಮದನಾದರೋ ಅವರ ಕಾಲಬುಡದಲ್ಲಿ ಕುಳಿತು ಕೇಳಿದ. ಫಿರೋಜ ತನ್ನ ಮಗನಿಗೆ ಆಶೀರ್ವಾದ ಬೇಡಿದಾಗ, ಪಟ್ಟ ಅಹಮದನಿಗೆಂದು ನಿಶ್ಚಯವಾಗಿದೆ ಎಂಬ ಉತ್ತರ ಬಂತಂತೆ. ಕೋಟೆಯ ಬಳಿ ಗದ್ದಲವಾಗುತ್ತದೆಂಬ ನೆವದಿಂದ ಅವರನ್ನು ಅಲ್ಲಿಂದ ಎಬ್ಬಿಸಲಾಯಿತು. ಇದು ಸುಲ್ತಾನನ ಸಣ್ಣತನವೆಂದೇ ನನಗೆ ತೋರುತ್ತದೆ.

1420ರಲ್ಲಿ ಪಾನಗಲ್ಲಿನ ಬಳಿ ವಿಜಯನಗರದ ಸೈನ್ಯದೆದುರು ಫಿರೋಜ ಸೋತ. ದೇಹವೂ ಕುಗ್ಗಿತು. 1422ರಲ್ಲಿ ಅಹಮದನು ದಂಡಿನೊಡನೆ ಬಂದಾಗ ಪಟ್ಟ ಬಿಟ್ಟುಕೊಟ್ಟ. ಕೆಲವೇ ದಿನಗಳಲ್ಲಿ ತೀರಿಕೊಂಡ. ಬಂದೇನವಾಜರು ಕಾಲವಾದದ್ದೂ ಅದೇ ವರ್ಷ.

ಕಲಬುರ್ಗಿಯ ಹಫ್ತ ಗುಂಬಜದಲ್ಲಿ, ಜೋಡಿ ಗುಮ್ಮಟಗಳ ಕೆಳಗೆ, ಫಿರೋಜನ ಸಮಾಧಿಯಿದೆ. ದರ್ಗಾ ಅಲ್ಲಿಂದ ದೂರವಿಲ್ಲ. ಉರುಸಿನ ದಿನಗಳಲ್ಲಿ ಅಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಎಲ್ಲವೂ ಕೇಳಿಬರುತ್ತವೆ.