ಸುರಶ್ರೀ ಕೇಸರಬಾಯಿ ಕೇರ್ಕರ್

ಗೋವೆಯ ಫೋಂಡಾ ಪ್ರಾಂತದಲ್ಲಿ ಕೇರಿ ಎಂಬುದೊಂದು ಗ್ರಾಮ. ಹಿಂದೂಸ್ತಾನಿ ಸಂಗೀತದ ಎಷ್ಟೋ ಮಂದಿ ಹಿರಿಯ ಗಾಯಕಿಯರು ಬಂದದ್ದು ಗೋವೆಯ ಇಂಥ ಊರುಗಳಿಂದಲೇ. 1892ನೆಯ ಇಸವಿ ಜುಲೈ 13ರಂದು ಕೇಸರಬಾಯಿಯವರು ಅಲ್ಲಿ ಜನಿಸಿದರು. ಆಗ ಗೋವೆ ಪೋರ್ತುಗೀಜರ ಆಳ್ವಿಕೆಯಲ್ಲಿತ್ತು. ಅವರದು ಕಲಾವಂತ ಮನೆತನ. ದೇವಾಲಯದಲ್ಲಿ ಹಾಡುವುದೂ ನರ್ತಿಸುವುದೂ ಆ ಮನೆತನಗಳ ಹೆಣ್ಣುಮಕ್ಕಳಿಗೆ ವಂಶಪಾರಂಪರ್ಯವಾಗಿ ಬಂದ ಸೇವೆ. ಅವರ ಹಾಡಿಗೆ ತಲೆದೂಗುತ್ತಿದ್ದ ಸಮಾಜವೇ ಅವರನ್ನು ಸಮಾನರೆಂದು ಎಣಿಸುತ್ತಿರಲಿಲ್ಲ. ಕಂಠ ಹುಟ್ಟಿನಿಂದಲೇ ಬಂದಿದ್ದರೂ ವಿದ್ಯೆಯನ್ನು ಕೇಸರಬಾಯಿಯವರು ಅಲೆದಲೆದು ಸಂಪಾದಿಸಬೇಕಾಯಿತು.

ಎಂಟನೆಯ ವಯಸ್ಸಿನಲ್ಲಿ ಅವರು ಕೊಲ್ಲಾಪುರಕ್ಕೆ ಹೋಗಿ ಅಬ್ದುಲ್ ಕರೀಂ ಖಾನರಲ್ಲಿ ಪಾಠ ಆರಂಭಿಸಿದರು. ನಮ್ಮ ಕುಂದಗೋಳದ ಸವಾಯಿ ಗಂಧರ್ವರಿಗೆ ಗುರುಗಳಾದವರು ಇದೇ ಖಾನ್ ಸಾಹೇಬರು. ಆದರೆ ಕೇಸರಬಾಯಿಯವರ ಭಾಗ್ಯಕ್ಕೆ ಬಂದದ್ದು ಎಂಟು ತಿಂಗಳ ಪಾಠ ಮಾತ್ರ. ಎಂಟು ತಿಂಗಳು ಒಂದು ರಾಗದ ಹೊಸ್ತಿಲನ್ನು ದಾಟುವುದಕ್ಕೂ ಸಾಲದು. ಗೋವೆಗೆ ಮರಳಿದ ಮೇಲೆ ರಾಮಕೃಷ್ಣಬುವಾ ವಝೆಯವರು ಕಲಿಸಿದರು. ಹದಿನಾರರ ಪ್ರಾಯದಲ್ಲಿ ತಾಯಿಯೊಡನೆ ಮುಂಬಯಿಗೆ ಬಂದ ಬಳಿಕ ಸಿತಾರ್ ವಾದಕರಾದ ಬರ್ಕತುಲ್ಲಾ ಖಾನರು, ಅನಂತರ ಭಾಸ್ಕರಬುವಾ ಬಖಲೆಯವರು ಪಾಠ ಹೇಳಿದರು. ಎಲ್ಲರೂ ದೊಡ್ಡವರೇ, ಆದರೆ ಯಾರ ಪಾಠವೂ ಬಹುಕಾಲ ನಿಲ್ಲಲಿಲ್ಲ. ಒಬ್ಬರ ಶೈಲಿ ಕಂಠದಲ್ಲಿ ನೆಲೆಗೊಳ್ಳುವ ಮೊದಲೇ ಇನ್ನೊಬ್ಬರದು ಆರಂಭವಾಗುತ್ತಿತ್ತು.

ಅವರ ಮನಸ್ಸು ನೆಟ್ಟಿದ್ದುದು ಅಲ್ಲಾದಿಯಾ ಖಾನರ ಗಾಯನದಲ್ಲಿ. ಜೈಪುರ-ಅತ್ರೌಲಿ ಘರಾಣೆಯ ಮೂಲಪುರುಷರಾದ ಖಾನ್ ಸಾಹೇಬರು ಯೌವನದಲ್ಲಿ ಎಡೆಬಿಡದೆ ಹಾಡಿ ಕಂಠವನ್ನು ಕೆಡಿಸಿಕೊಂಡವರು. ಹಿಂದಿನ ಮಾರ್ದವ ಮರಳಿ ಬಾರದೆಂದು ಕಂಡಾಗ, ಉಳಿದ ಕಂಠಕ್ಕೆ ಒಪ್ಪುವಂತೆ ಹೊಸದೊಂದು ಶೈಲಿಯನ್ನೇ ಕಟ್ಟಿದ ಧೀರರು. ಅಪರೂಪದ ರಾಗಗಳು, ಎರಡು ರಾಗಗಳನ್ನು ಬೆಸೆದ ಜೋಡುರಾಗಗಳು, ತಾಳದ ಗತಿಯೊಡನೆ ಹೆಣೆದುಕೊಂಡು ಸುಳಿಯುವ ತಾನುಗಳು ಈ ಘರಾಣೆಯ ವೈಶಿಷ್ಟ್ಯ. ಹಾಡುವವರಿಗೆ ದೀರ್ಘವಾದ ಉಸಿರೂ ಅದಕ್ಕಿಂತ ದೀರ್ಘವಾದ ತಾಳ್ಮೆಯೂ ಬೇಕು. ಖಾನ್ ಸಾಹೇಬರು ಶಿಷ್ಯರನ್ನು ಸುಲಭವಾಗಿ ಒಪ್ಪುವವರಲ್ಲ. ಕೊನೆಗೂ 1921ರಲ್ಲಿ ಒಪ್ಪಿದರು. ಆಗ ಕೇಸರಬಾಯಿಯವರಿಗೆ ಇಪ್ಪತ್ತೆಂಟು ಮುಗಿಯುತ್ತ ಬಂದಿತ್ತು.

ಆ ವಯಸ್ಸಿಗೆ ಅನೇಕರು ಹೆಸರುವಾಸಿಗಳಾಗಿರುತ್ತಾರೆ. ಕೇಸರಬಾಯಿಯವರಾದರೋ ಕಲಿತದ್ದನ್ನೆಲ್ಲ ಬದಿಗಿರಿಸಿ ಸ್ವರವನ್ನು ಮೊದಲಿನಿಂದ ಸಾಧಿಸಲು ಕುಳಿತರು. ವೃತ್ತಿಗಾಯನಕ್ಕೆ ತೊಡಗಿದ್ದು 1930ರ ಸುಮಾರಿಗೆ. ಕೀರ್ತಿ ಬಂದ ಮೇಲೂ ಪಾಠ ನಿಲ್ಲಲಿಲ್ಲ. 1946ರಲ್ಲಿ ಗುರುಗಳು ತೀರಿಕೊಳ್ಳುವವರೆಗೂ, ಐವತ್ತು ದಾಟಿದ ಆ ಮಹಾಗಾಯಕಿ ಅವರ ಮುಂದೆ ವಿದ್ಯಾರ್ಥಿನಿಯಾಗಿಯೇ ಕುಳಿತರು. ಇದೇ ಪರಂಪರೆ ಗುರುಗಳ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನರ ಮೂಲಕ ಧಾರವಾಡದ ಮಲ್ಲಿಕಾರ್ಜುನ ಮನಸೂರರಿಗೆ ಬಂದಿತೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

ಕೇಸರಬಾಯಿಯವರ ಕಂಠ ಕೇವಲ ಇಂಪಾದುದಾಗಿರಲಿಲ್ಲ. ಅದು ತುಂಬಿದ ಕಂಠ. ಆಕಾರವನ್ನು ಬಾಯ್ತುಂಬ ತೆರೆದು ಹಾಡಿದರೆ ಮಂದ್ರದಿಂದ ತಾರಕ್ಕೆ ಏರುವಾಗ ಎಲ್ಲಿಯೂ ನಾದ ತೆಳುವಾಗುತ್ತಿರಲಿಲ್ಲ. ಧ್ವನಿವರ್ಧಕ ಯಂತ್ರಗಳು ಸಭೆಗಳಲ್ಲಿ ಸಾಮಾನ್ಯವಾದ ಕಾಲದಲ್ಲಿಯೂ ಅವರು ಮೈಕನ್ನು ದೂರವಿಡುತ್ತಿದ್ದರು. ತಂಬೂರಿಯ ನಾದವೂ ಕಂಠದ ನಾದವೂ ಯಂತ್ರದ ಮಧ್ಯಸ್ಥಿಕೆಯಿಲ್ಲದೆ ಕೇಳುಗರ ಕಿವಿಗೆ ಮುಟ್ಟಬೇಕೆಂಬುದು ಅವರ ಹಟ. ರವೀಂದ್ರನಾಥ ಠಾಕೂರರು ಅವರ ಗಾಯನವನ್ನು ಬಹುವಾಗಿ ಮೆಚ್ಚಿದ್ದರು. ಕಲ್ಕತ್ತೆಯ ಸಂಗೀತಾಭಿಮಾನಿಗಳು ಅವರನ್ನು ಸುರಶ್ರೀ ಎಂದು ಗೌರವಿಸಿದರು. 1953ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1969ರಲ್ಲಿ ಪದ್ಮಭೂಷಣ ಬಂದವು.

ಆದರೆ ತಮ್ಮ ಧ್ವನಿಯನ್ನು ಮುದ್ರಿಸಿಡುವುದರಲ್ಲಿ ಅವರಿಗೆ ಒಲವಿರಲಿಲ್ಲ. ಕೆಲವು ಗ್ರಾಮಾಫೋನ್ ತಟ್ಟೆಗಳಿಗೆ ಹಾಡಿದ್ದುಂಟು. ಬಳಿಕ ಅದರಿಂದಲೂ ಹಿಂದೆಗೆದರು. ಶಿಷ್ಯರನ್ನು ಸ್ವೀಕರಿಸುವುದರಲ್ಲಿಯೂ ಇದೇ ಬಿಗಿ. ಅವರ ವಿದ್ಯೆಯನ್ನು ಪಡೆದವರೆಂದರೆ ಮುಖ್ಯವಾಗಿ ಧೋಂಡೂತಾಯಿ ಕುಲಕರ್ಣಿಯವರೊಬ್ಬರೇ. ಇದನ್ನು ಕೆಲವರು ಗರ್ವವೆಂದರು. ಗರ್ವ ಸ್ವಲ್ಪ ಇದ್ದಿರಲೂಬಹುದು. ಆದರೆ ವಿಸ್ತರಿಸಲು ಒಂದು ಗಂಟೆಯನ್ನಾದರೂ ಬೇಡುವ ರಾಗವನ್ನು ಮೂರು ನಾಲ್ಕು ನಿಮಿಷದ ತಟ್ಟೆಯಲ್ಲಿ ಅಡಕಮಾಡುವುದು ಎಂಥ ಕಷ್ಟವೆಂಬುದನ್ನೂ ನಾವು ನೆನೆಯಬೇಕು. ಅಲ್ಲದೆ, ಇಪ್ಪತ್ತೈದು ವರ್ಷ ಗುರುಸೇವೆ ಮಾಡಿ ಪಡೆದದ್ದನ್ನು ಯಾರೋ ತಟ್ಟೆ ಕೇಳಿ ಅನುಕರಿಸಿಬಿಡುವುದು ಅವರಿಗೆ ಸಹ್ಯವಾಗದಿದ್ದರೆ ಆಶ್ಚರ್ಯವಿಲ್ಲ. ನಷ್ಟವಾದದ್ದು ಮಾತ್ರ ನಮಗೆ. ಎಪ್ಪತ್ತರ ವಯಸ್ಸನ್ನು ದಾಟಿದ ಮೇಲೆ, ಕಂಠ ಕುಂದುವ ಮುನ್ನವೇ, ಅವರು ಸಾರ್ವಜನಿಕ ಸಭೆಗಳಲ್ಲಿ ಹಾಡುವುದನ್ನು ನಿಲ್ಲಿಸಿದರು.

ಉಳಿದಿದ್ದ ಆ ಕೆಲವು ಮುದ್ರಿಕೆಗಳಲ್ಲಿ ಒಂದು ಭೈರವಿ ರಾಗದ ಹಾಡು; ಸುಮಾರು ಮೂರೂವರೆ ನಿಮಿಷದ್ದು. 1977ರಲ್ಲಿ ಅಮೆರಿಕದ ವಿಜ್ಞಾನಿಗಳು ಸೌರವ್ಯೂಹದ ಹೊರಗ್ರಹಗಳ ಕಡೆಗೆ ವಾಯೇಜರ್ ಎಂಬ ಎರಡು ಆಕಾಶನೌಕೆಗಳನ್ನು ಕಳುಹಿಸಲು ಸಿದ್ಧರಾಗುತ್ತಿದ್ದರು. ಮುಂದೆ ಎಂದಾದರೂ ಅವು ಅನ್ಯಲೋಕದ ಜೀವಿಗಳಿಗೆ ದೊರೆತರೆ ಭೂಮಿಯ ಪರಿಚಯವಾಗಲೆಂದು, ಚಿನ್ನದ ಲೇಪವಿರುವ ತಾಮ್ರದ ತಟ್ಟೆಯೊಂದನ್ನು ಪ್ರತಿ ನೌಕೆಯಲ್ಲಿಯೂ ಇರಿಸಿದರು. ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಆ ಸಮಿತಿಯ ಮುಖ್ಯಸ್ಥರು. ಐವತ್ತೈದು ಭಾಷೆಗಳ ವಂದನೆಗಳು ಅದರಲ್ಲಿವೆ. ಅವುಗಳಲ್ಲಿ ಕನ್ನಡವೂ ಒಂದು. ಬಾಖ್, ಬೀಥೋವನ್ ಮೊದಲಾದವರ ಕೃತಿಗಳೂ ಇವೆ. ಭಾರತದ ಸಂಗೀತಕ್ಕೆ ಯಾವುದನ್ನು ಆರಿಸುವುದೆಂಬ ಪ್ರಶ್ನೆ ಬಂದಾಗ ಸಂಗೀತ ವಿದ್ವಾಂಸ ರಾಬರ್ಟ್ ಬ್ರೌನ್ ಸೂಚಿಸಿದ್ದು ಈ ಭೈರವಿಯನ್ನು. ತಟ್ಟೆ ಎಲ್ಲಿಯೂ ಸಿಕ್ಕದೆ ಹುಡುಕಾಟ ನಡೆದು, ಕೊನೆಗೆ ನ್ಯೂಯಾರ್ಕಿನಲ್ಲಿ ಭಾರತೀಯರ ಅಂಗಡಿಯೊಂದರಲ್ಲಿ ಅದು ದೊರೆಯಿತು. ಸ್ವರ್ಣತಟ್ಟೆಯಲ್ಲಿರುವ ಭಾರತೀಯ ಸಂಗೀತ ಅದೊಂದೇ.

ಮೊದಲ ನೌಕೆ 1977ರ ಆಗಸ್ಟ್ 20ರಂದೂ ಎರಡನೆಯದು ಸೆಪ್ಟೆಂಬರ್ 5ರಂದೂ ಹೊರಟವು. ಅದಾದ ಹನ್ನೊಂದನೆಯ ದಿನ, ಸೆಪ್ಟೆಂಬರ್ 16ರಂದು, ಕೇಸರಬಾಯಿಯವರು ತಮ್ಮ ಎಂಬತ್ತೈದನೆಯ ವಯಸ್ಸಿನಲ್ಲಿ ನಿಧನರಾದರು. ಎರಡನೆಯದಾಗಿ ಹೊರಟ ಆ ನೌಕೆ 2012ರ ಆಗಸ್ಟ್ ತಿಂಗಳಲ್ಲಿ ಸೂರ್ಯನ ಪ್ರಭಾವವಲಯವನ್ನು ದಾಟಿ ನಕ್ಷತ್ರಗಳ ನಡುವಣ ಅವಕಾಶವನ್ನು ಪ್ರವೇಶಿಸಿತು. ಮೈಕಿನ ಮುಂದೆ ಹಾಡಲೊಲ್ಲದ ಆ ಗಾಯಕಿಯ ಭೈರವಿಯನ್ನು ಹೊತ್ತು ಅದು ಇನ್ನೂ ಸಾಗುತ್ತಲೇ ಇದೆ.